ಬುಟ್ಟಿ ಹಿಡಿದ ಹೆಂಗಸಿನ ಮುಖ

ಡಾರ್ಕಸ್ ಪೆನ್‌ಫೋಲ್ಡಳ ಕೆಳತುಟಿಯ ಮೇಲೆ ಒಂದು ಕಲೆ ಇತ್ತು. ಕುಂಚದ ತುದಿ ಚೂಪಾಗಲೆಂದು ತುಟಿಗೆ ತಾಗಿಸಿ ತಾಗಿಸಿ, ವರ್ಷಗಳ ಬಣ್ಣ ಅಲ್ಲೇ ಕೂತುಬಿಟ್ಟಿತ್ತು. ಎಷ್ಟು ಉಜ್ಜಿದರೂ ಅದು ಹೋಗುತ್ತಿರಲಿಲ್ಲ. ಲಂಡನ್ನಿನ ಸ್ಟ್ರಾಂಡ್ ಬೀದಿಯ ಹಿಂದಿನ ಓಣಿಗಳಲ್ಲಿ ಚಿತ್ರಕ್ಕೆ ಬಣ್ಣ ಹಾಕುವ ಹೆಂಗಸರಿಗೆಲ್ಲ ಅಂಥದೊಂದು ಕಲೆ ಇರುತ್ತಿತ್ತು. ಸೀಗಡಿ ಮಾರುವವಳು ಅದನ್ನು ದೂರದಿಂದಲೇ ಗುರುತು ಹಿಡಿದು, "ಏನಮ್ಮ, ಇವತ್ತು ಯಾವ ದೊಡ್ಡ ಮನುಷ್ಯನ ಮುಖಕ್ಕೆ ಬಳಿದ್ರಿ?" ಎಂದು ಕೂಗುತ್ತಿದ್ದಳು.

ಡಾರ್ಕಸ್ ಹುಟ್ಟಿದ್ದು ಕೆಂಟ್ ಸೀಮೆಯಲ್ಲಿ. ಮದುವೆಯಾಗಿ ಲಂಡನ್ನಿಗೆ ಬಂದಳು. ಗಂಡ ಹಡಗಿನ ಹಲಗೆಗಳ ಸಂದಿಗೆ ನಾರು ತುರುಕಿ ಡಾಂಬರು ಬಳಿಯುವ ಕೆಲಸದವನು. ಒಂದು ಚಳಿಗಾಲ ಜ್ವರ ಬಂದು ಸತ್ತ. ಆಗ ಮಗಳು ಕೆಜೀಯಾ ಇನ್ನೂ ಅಂಬೆಗಾಲಿಡುತ್ತಿದ್ದಳು. ಕೆಜ್ಜಿ ಎಂದೇ ಅವಳನ್ನು ಎಲ್ಲರೂ ಕರೆಯುತ್ತಿದ್ದುದು. ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಡಾರ್ಕಸ್ ಟಿಬಾಲ್ಡ್ ಎಂಬಾತನ ಅಚ್ಚಿನ ಚಿತ್ರಗಳ ಅಂಗಡಿಗೆ ಕೆಲಸ ಕೇಳಿಕೊಂಡು ಹೋದಳು. ಮಗು ಮೇಜಿನ ಕೆಳಗೆ ಹರಿದ ಹಾಳೆಗಳ ಮೇಲೆ ಮಲಗಿ ಬೆಳೆಯಿತು.

ಆ ಅಂಗಡಿಯಲ್ಲಿ ಮಾರುತ್ತಿದ್ದುದು ನಗೆಚಿತ್ರಗಳನ್ನು. ಮಂತ್ರಿಗಳು, ಪಾದ್ರಿಗಳು, ರಾಜಕುಮಾರರು, ಯಾರನ್ನೂ ಬಿಡುತ್ತಿರಲಿಲ್ಲ. ಸ್ಪರ್ಲಿಂಗ್ ಎಂಬ ಚಿತ್ರಗಾರ ತಾಮ್ರದ ತಗಡಿನ ಮೇಲೆ ಕೊರೆಯುತ್ತಿದ್ದ, ಹಿತ್ತಲ ಕೋಣೆಯಲ್ಲಿ ಅಚ್ಚು ಒತ್ತುತ್ತಿದ್ದರು, ಒಣಗಿದ ಹಾಳೆ ಮಹಡಿಯ ಮೇಲಿನ ಬಣ್ಣದ ಮೇಜಿಗೆ ಬರುತ್ತಿತ್ತು. ಆ ಮೇಜಿಗೆ ಒಂದು ಕಟ್ಟುನಿಟ್ಟಿತ್ತು. ಒಬ್ಬಳಿಗೆ ಒಂದೇ ಬಣ್ಣ. ಸಮುದ್ರದ ಚಿಪ್ಪಿನಲ್ಲಿ ಕಲಸಿಟ್ಟ ತನ್ನ ಬಣ್ಣವನ್ನು ತನ್ನ ಜಾಗಕ್ಕೆ ಹಾಕಿ ಹಾಳೆಯನ್ನು ಎಡಕ್ಕೆ ಸರಿಸಬೇಕು. ಎಲ್ಲಿ ಯಾವ ಬಣ್ಣ ಎಂದು ಯಾರೂ ಯೋಚಿಸುವಂತಿಲ್ಲ. ಗೋಡೆಗೆ ಮೊಳೆ ಹೊಡೆದು ಒಂದು ಮಾದರಿ ಹಾಳೆ ತೂಗಿಸಿರುತ್ತಾರೆ, ಅದರಲ್ಲಿ ಇದ್ದ ಹಾಗೆ ಹಾಕಬೇಕು. ಮಾದರಿ ಕೊಳೆಯಾದರೆ ಮೇಜಿನ ಹಿರಿಯಳು ಹೊಸದನ್ನು ಮಾಡುತ್ತಾಳೆ. ಹಿರಿಯಳು ಡಾರ್ಕಸ್. ಮುಖ ಮತ್ತು ಮೈಬಣ್ಣವೂ ಅವಳದೇ.

ಕೆಜ್ಜಿ ಕೈಗೆ ಕುಂಚ ಬಂದಾಗ ಕೆಂಪು ಅವಳ ಪಾಲಿಗೆ ಬಂತು. ಅವಳ ಕೂದಲೂ ಕೆಂಪೇ, ಬೆಂಕಿಯ ಹಾಗೆ. ಮೂಗು ಮೇಲಕ್ಕೆ ಎತ್ತಿಕೊಂಡಿತ್ತು. ಮುಂದಿನ ಹಲ್ಲುಗಳ ನಡುವೆ ಸಂದು, ಬಿದ್ದು ಗಾಯವಾದ ಎಡಹುಬ್ಬಿನಲ್ಲಿ ಒಂದು ಬಿರುಕು. ಬಾಯಿ ಸುಮ್ಮನೆ ಇರುತ್ತಿರಲಿಲ್ಲ. ಸ್ಪರ್ಲಿಂಗ್ ಮಹಡಿ ಹತ್ತಿ ಬಂದರೆ, "ಇದು ಕುದುರೇನೋ ಮೇಜೋ ಹೇಳಿಬಿಡಿ ಸ್ವಾಮಿ, ಬಣ್ಣ ಹಾಕೋರು ನಾವು," ಎನ್ನುತ್ತಿದ್ದಳು. ಅವನು ನಗುತ್ತಿದ್ದ. ಅವನೂ ಅವಳನ್ನು ಮೇಜಿನ ಕೆಳಗೆ ಮಲಗಿದ್ದಾಗಿನಿಂದ ಕಂಡವನು.

ಕೆಜ್ಜಿ ಮದುವೆಯಾದದ್ದು ಬಾತಿಸ್ತ್ ಎಂಬ ಫ್ರೆಂಚ್ ಹುಡುಗನನ್ನು. ದೊಡ್ಡ ಮನೆಗಳ ಹೆಂಗಸರಿಗೆ ಕೂದಲು ಕಟ್ಟುವ ಕೆಲಸ ಅವನದು. ಪ್ಯಾರಿಸ್ಸಿನಲ್ಲಿ ಜನ ಎದ್ದುನಿಂತರು, ಹಳೆಯ ಕೋಟೆ ಒಡೆದರು ಎಂಬ ಸುದ್ದಿ ಬಂದಾಗ ಅವನು ಕುಣಿದಾಡಿದ. "ಅತ್ತೆ, ಇನ್ಮೇಲೆ ಅಲ್ಲಿ ಯಾರೂ ಯಾರಿಗೂ ತಲೆ ಬಗ್ಗಿಸಬೇಕಾಗಿಲ್ಲ," ಎಂದ.

"ತಲೆ ಬಗ್ಗಿಸದೆ ಇದ್ರೆ ನೀನು ಕೂದಲು ಹೆಂಗಪ್ಪ ಕಟ್ತೀಯ?" ಎಂದಳು ಡಾರ್ಕಸ್.

ಕೆಜ್ಜಿಯೂ ಅವನೂ ನಕ್ಕು ಪ್ಯಾರಿಸ್ಸಿಗೆ ಹೊರಟುಹೋದರು. ಕೆಂಪಿನ ಚಿಪ್ಪು ಅದೇ ಮೇಜಿನ ನ್ಯಾನ್ ಕ್ರಿಪ್ಸ್ ಎಂಬ ಹುಡುಗಿಯ ಕೈಗೆ ಬಂತು.

ಅಲ್ಲಿಂದ ಮುಂದೆ ಫ್ರಾನ್ಸಿನಲ್ಲಿ ನಡೆದದ್ದೆಲ್ಲ ಡಾರ್ಕಸಳ ಮುಂದೆ ಹಾಳೆಯಾಗಿ ಬಂತು. ಮೊದಮೊದಲು ಫ್ರೆಂಚರ ಕೆನ್ನೆಗೆ ಗುಲಾಬಿ ಹಾಕುತ್ತಿದ್ದರು. ವರ್ಷ ಕಳೆದಂತೆ ಮಾದರಿ ಹಾಳೆಯಲ್ಲಿ ಅವರ ಕೆನ್ನೆ ಹಸಿರಾಯಿತು, ಆಮೇಲೆ ಬೂದಿಯಾಯಿತು. ಕಾಲಿಗೆ ಚಲ್ಲಣವಿಲ್ಲದ, ಈರುಳ್ಳಿ ಕಚ್ಚುವ ಬಡಕಲು ಫ್ರೆಂಚರು ಒಂದು ಕಡೆ, ಹುರಿದ ದನದ ಮಾಂಸದ ಮುಂದೆ ಕೂತ ದಪ್ಪ ಇಂಗ್ಲಿಷಿನವನು ಇನ್ನೊಂದು ಕಡೆ. ದಪ್ಪನವನಿಗೆ ಕೆಂಪು ಹೆಚ್ಚು ಬೇಕಾಗುತ್ತಿತ್ತು. ಡಾರ್ಕಸ್ ಮಾದರಿಯನ್ನು ನೋಡಿ ಹಾಗೇ ಹಾಕಿ ಹಾಳೆಯನ್ನು ಎಡಕ್ಕೆ ಸರಿಸುತ್ತಿದ್ದಳು.

ಸಾವಿರದ ಏಳುನೂರ ತೊಂಬತ್ತೆರಡನೇ ಇಸವಿಯ ಶರತ್ಕಾಲದಲ್ಲಿ ಲುಬೆ ಎಂಬವನು ಅಂಗಡಿಗೆ ಬಂದ. ಬಾತಿಸ್ತನ ಕಸುಬಿನವನೇ, ಪ್ಯಾರಿಸ್ಸಿನಿಂದ ಓಡಿಬಂದವನು. ಮೇಜಿನ ಪಕ್ಕ ನಿಂತೇ ಹೇಳಿದ. ರಾಜನನ್ನು ಸೆರೆಗೆ ಹಾಕಿದ ಮೇಲೆ ಅರಮನೆಯವರ ಜೊತೆ ಒಡನಾಡಿದವರನ್ನೆಲ್ಲ ಹಿಡಿದರು, ಬಾತಿಸ್ತನನ್ನೂ ಹಿಡಿದರು. ಸೆಪ್ಟೆಂಬರಿನಲ್ಲಿ ಜನ ಸೆರೆಮನೆಗಳಿಗೆ ನುಗ್ಗಿ ಒಳಗಿದ್ದವರನ್ನು ಬಾಗಿಲಲ್ಲೇ ಕಡಿದರು. ಬಾತಿಸ್ತ್ ಉಳಿಯಲಿಲ್ಲ.

"ನನ್ನ ಮಗಳು?"

"ಬಾಗಿಲ ಹತ್ರ ನಿಂತಿದ್ಲಂತೆ ತಾಯಿ. ಕೈಯಲ್ಲಿ ಬುಟ್ಟಿ ಇತ್ತಂತೆ. ಆಮೇಲೆ ಅವಳನ್ನ ಕಂಡವರಿಲ್ಲ."

ಡಾರ್ಕಸ್ ಕುಂಚವನ್ನು ನೀರಿನಲ್ಲಿ ಅದ್ದಿದಳು. "ಕೂತ್ಕೊಳ್ಳಪ್ಪ," ಎಂದಳು. ಅವನು ಕೂರಲಿಲ್ಲ. ಅವನು ಹೋದ ಮೇಲೆ ಉಳಿದ ಹಾಳೆಗಳನ್ನು ಮುಗಿಸಿದಳು. ಮನೆಗೆ ಹೋಗಿ ಬಾರ್ಲಿ ಗಂಜಿ ಕುದಿಸಿ ಕುಡಿದಳು. ಅಳು ಬರುತ್ತದೆಂದು ಕಾದಳು, ಬರಲಿಲ್ಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಬಂದಳು. ಕೈ ಅದರ ಪಾಡಿಗೆ ಅದು ನಡೆಯುತ್ತಿತ್ತು.

ಸ್ವಲ್ಪ ದಿನಕ್ಕೆ ಹೊಸ ಹಾಳೆ ಬಂತು. ಸೆರೆಮನೆಯ ಬಾಗಿಲು, ಚಲ್ಲಣವಿಲ್ಲದ ಗಂಡಸರು, ಕೈಯಲ್ಲಿ ಕೊಡಲಿ. ಎಲ್ಲರ ಮುಂದೆ ಬುಟ್ಟಿ ಹಿಡಿದು ಬಾಯಿ ತೆರೆದು ನಗುವ ಒಬ್ಬ ಹೆಂಗಸು. ಬುಟ್ಟಿಯಲ್ಲಿ ಒಂದು ತಲೆ. ಹೆಂಗಸಿನ ಮೂಗು ಮೇಲಕ್ಕೆ ಎತ್ತಿಕೊಂಡಿತ್ತು. ಹಲ್ಲಿನ ನಡುವೆ ಸಂದು, ಎಡಹುಬ್ಬಿನಲ್ಲಿ ಬಿರುಕು. ಸ್ಪರ್ಲಿಂಗನೇ ಬಣ್ಣ ಹಾಕಿ ಕಳಿಸಿದ್ದ ಮಾದರಿಯಲ್ಲಿ ಕೂದಲು ಬೆಂಕಿಯ ಹಾಗೆ ಕೆಂಪು.

"ಅಯ್ಯೋ, ನಮ್ಮ ಕೆಜ್ಜಿ!" ಎಂದು ಕೂಗಿದ ನ್ಯಾನ್ ಬಾಯಿ ಮುಚ್ಚಿಕೊಂಡಳು. ಲುಬೆ ಹೇಳಿದ ಬುಟ್ಟಿಯ ಮಾತನ್ನು ಮೆಟ್ಟಿಲ ಮೇಲೆ ಸ್ಪರ್ಲಿಂಗನಿಗೆ ಹೇಳಿದವಳು ಅವಳೇ.

ಸಂಜೆ ಸ್ಪರ್ಲಿಂಗ್ ಮೇಲೆ ಬಂದಾಗ ಡಾರ್ಕಸ್ ಕೇಳಿದಳು: "ಇದು ನನ್ನ ಮಗಳಲ್ವಾ?"

"ಬೇಜಾರು ಮಾಡ್ಕೋಬೇಡಿ ತಾಯಿ. ಒಂದು ಮುಖ ಬೇಕಿತ್ತು. ಬುಟ್ಟಿ ಅಂದ ತಕ್ಷಣ ಅವಳ ಮುಖಾನೇ ಕೈಗೆ ಬಂತು. ಕೆಟ್ಟ ಮನಸ್ಸಿಂದ ಮಾಡಿದ್ದಲ್ಲ."

"ಬುಟ್ಟೀಲಿ ಏನಿತ್ತು ಅಂತ ಯಾರು ಹೇಳಿದ್ರು ನಿಮ್ಗೆ?"

"ಯಾರೂ ಹೇಳ್ಲಿಲ್ಲ," ಎಂದ ಅವನು. "ಅದನ್ನ ನಾನೇ ತುಂಬಿದೆ."

ಡಾರ್ಕಸಳಿಗೂ ಬುಟ್ಟಿಯಲ್ಲಿ ಏನಿತ್ತೆಂದು ತಿಳಿದಿರಲಿಲ್ಲ. ಅವಳು ಮಾದರಿ ನೋಡಿದಳು. ಹೆಂಗಸಿನ ಕೆನ್ನೆಗೆ ಹಸಿರು ಬೆರೆಸಿದ ಬೂದಿ. ಹಾಗೇ ಹಾಕಿದಳು. ಎಡಕ್ಕೆ ಸರಿಸಿದಳು. ನ್ಯಾನ್ ಕೂದಲಿಗೂ ಕೈಗಳ ರಕ್ತಕ್ಕೂ ಒಂದೇ ಚಿಪ್ಪಿನಿಂದ ಕೆಂಪು ತೆಗೆದಳು.

ಆ ಚಿತ್ರ ಅಂಗಡಿಯ ಗಾಜಿನ ಕಿಟಕಿಯಲ್ಲಿ ನಡುವೆ ಕೂತಿತು. ಜನ ಮುಗಿಬಿದ್ದರು. ಕೊಳ್ಳಲಾರದವರು ನಿಂತು ನೋಡಿ ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು. ಜನವರಿಯಲ್ಲಿ ಫ್ರೆಂಚರು ತಮ್ಮ ರಾಜನ ತಲೆ ಕಡಿದರು. ಇಂಗ್ಲಿಷರಿಗೂ ಅವರಿಗೂ ಯುದ್ಧ ಶುರುವಾಯಿತು. ಕಿಟಕಿಯ ಮುಂದಿನ ನಗು ಆಗ ಬೇರೆ ಥರದ್ದಾಯಿತು. ಒಂದು ದಿನ ಕಿತ್ತಳೆ ಮಾರುವ ಐರಿಷ್ ಹುಡುಗಿಯೊಬ್ಬಳು ಆ ದಾರಿಯಲ್ಲಿ ಬಂದಳು. ಕೆಂಪು ಕೂದಲಿನವಳು.

"ಲೇ, ಇವಳೇ ಕಣ್ರೋ! ಬುಟ್ಟಿಯವಳು!"

"ತೋರ್ಸೇ, ಯಾರ ತಲೆ ತಂದಿದ್ದೀಯ ಇವತ್ತು?"

ನಗುತ್ತಲೇ ಶುರುವಾದದ್ದು. ಯಾರೋ ಅವಳ ಟೋಪಿ ಎಳೆದರು, ಯಾರೋ ಕೂದಲು ಹಿಡಿದರು. ಕಿತ್ತಳೆಗಳು ಕೆಸರಿನಲ್ಲಿ ಉರುಳಿದವು. ಗಾಡಿಯೊಂದು ಅಡ್ಡ ಬರದಿದ್ದರೆ ಏನಾಗುತ್ತಿತ್ತೋ. ಡಾರ್ಕಸ್ ಮಹಡಿಯ ಕಿಟಕಿಯಿಂದ ನೋಡಿದಳು. ಆ ಹುಡುಗಿ ಫ್ರಾನ್ಸನ್ನು ಕಂಡವಳಲ್ಲ, ಮುಖವೂ ಹೋಲುತ್ತಿರಲಿಲ್ಲ. ಕೂದಲೊಂದಕ್ಕೇ ಹೀಗೆ. ನಿಜವಾಗಿ ಆ ಮುಖವನ್ನು ಹೊತ್ತವಳು ಈ ಬೀದಿಗೆ ಬಂದರೆ?

ಲುಬೆ ಎರಡನೇ ಸಲ ಬಂದದ್ದು ವಸಂತದ ಹೊತ್ತಿಗೆ. "ಬದುಕಿದ್ದಾಳೆ ತಾಯಿ," ಎಂದ. ಫ್ರಾನ್ಸಿನ ಆವ್ರ್ ಬಂದರಿನಲ್ಲಿ ಬಟ್ಟೆ ಒಗೆಯುವವಳ ಮನೆಯಲ್ಲಿ ಇದ್ದಾಳೆ, ಯುದ್ಧಕ್ಕೆ ಸೇರದ ಡೆನ್ಮಾರ್ಕಿನ ಹಡಗುಗಳು ಇನ್ನೂ ಓಡಾಡುತ್ತಿವೆ, ಯಾವುದಾದರೂ ಹಡಗು ಹತ್ತಿಸಿಕೊಂಡರೆ ಬೇಸಿಗೆಯೊಳಗೆ ಬಂದಾಳು.

ಬಣ್ಣದ ಹೆಂಗಸರೆಲ್ಲ ಡಾರ್ಕಸಳ ಕೈ ಹಿಡಿದು ಕುಲುಕಿದರು. ಅವಳ ಒಳಗೆ ಏನೂ ಅಲ್ಲಾಡಲಿಲ್ಲ. ಕೈ ಬಿಡಿಸಿಕೊಂಡು ಕೆಳಗಿಳಿದು ಯಜಮಾನನ ಮುಂದೆ ನಿಂತಳು.

"ಯಜಮಾನ್ರೇ, ಕಿಟಕೀಲಿರೋ ಬುಟ್ಟಿ ಚಿತ್ರ ತೆಗೀಬೇಕು."

"ಯಾಕಮ್ಮ?"

"ನನ್ನ ಮಗಳು ಬರ್ತಾಳೆ."

"ಬರ್ಲಿ, ಒಳ್ಳೇದಾಯ್ತಲ್ಲ! ಮೇಜಲ್ಲಿ ಅವಳಿಗೆ ಜಾಗ ಇದ್ದೇ ಇದೆ."

"ಅದು ಅವಳ ಮುಖ. ಜನ ಸುಮ್ಮನೆ ಬಿಡಲ್ಲ."

ಟಿಬಾಲ್ಡ್ ಕೆಟ್ಟವನಲ್ಲ. ಎದ್ದು ಹೋಗಿ ಕಿಟಕಿಯ ಚಿತ್ರವನ್ನು ಹೊಸದಾಗಿ ನೋಡುವವನಂತೆ ನೋಡಿ ಬಂದ. "ನಿಮ್ಗೆ ಹಂಗೆ ಕಾಣುತ್ತೆ ಅಷ್ಟೇ. ಆ ಕೂದಲು ನೋಡೋಕೇ ಜನ ನಿಲ್ಲೋದು. ಅದನ್ನ ತೆಗೆದ್ರೆ ಎದುರು ಅಂಗಡಿಯವನು ನಾಳೆನೇ ಅಂಥದ್ದೊಂದು ತೂಗಿಸ್ತಾನೆ. ಮಗಳು ಬರ್ಲಿ, ಆಮೇಲೆ ನೋಡೋಣ."

ಡಾರ್ಕಸ್ ಮೇಲೆ ಹೋಗಿ ಕೂತಳು. ಹಾಳೆಗಳು ಬರುತ್ತಲೇ ಇದ್ದವು, ಅದೇ ಮುಖ. ಹೊರಗಿನ ಊರೂರುಗಳಿಂದ ಕೇಳಿಕೊಂಡು ಬರುತ್ತಿದ್ದರಂತೆ. ಬಾತ್ ಪಟ್ಟಣಕ್ಕೆ ಹೋಗುತ್ತವೆ, ಬಂದರುಗಳಿಗೆ ಹೋಗುತ್ತವೆ. ಕೆಜ್ಜಿ ಹಡಗಿನಿಂದ ಇಳಿಯುವ ಕಟ್ಟೆಯ ಮೇಲಿನ ಹೆಂಡದಂಗಡಿಯ ಗೋಡೆಯಲ್ಲೂ ಒಂದು ತೂಗುತ್ತಿರಬಹುದು.

ಮಾರನೆಯ ದಿನವೋ ಅದರ ಮಾರನೆಯ ದಿನವೋ ನ್ಯಾನ್ ನೀರಿನ ಬೋಗುಣಿ ಎತ್ತಿಕೊಂಡು ಗೋಡೆಯ ಪಕ್ಕ ಹೋದವಳು ಮುಗ್ಗರಿಸಿದಳು. ಕೊಳಕು ನೀರೆಲ್ಲ ಮಾದರಿ ಹಾಳೆಯ ಮೇಲೆ ಚೆಲ್ಲಿ, ಕೆಂಪು ನೀಲಿಯ ಮೇಲೆ, ನೀಲಿ ಹಳದಿಯ ಮೇಲೆ ಹರಿಯಿತು.

"ಅಯ್ಯೋ, ಕಾಲು ಜಾರ್ತು ಡಾರ್ಕಸಮ್ಮ," ಎಂದಳು ನ್ಯಾನ್. ಮುಗ್ಗರಿಸಲು ಅಲ್ಲಿ ಏನೂ ಇರಲಿಲ್ಲ. "ಇನ್ನೊಂದು ಮಾದರಿ ನೀವೇ ಮಾಡ್ಬೇಕು ಈಗ."

ಡಾರ್ಕಸ್ ಅವಳ ಮುಖ ನೋಡಿದಳು. ಆಮೇಲೆ ಬಣ್ಣವಿಲ್ಲದ ಒಂದು ಹಾಳೆ ಎಳೆದುಕೊಂಡು ಎಲ್ಲ ಚಿಪ್ಪುಗಳನ್ನೂ ತನ್ನ ಮುಂದೆ ಇಡಿಸಿಕೊಂಡಳು.

ತಾಮ್ರದಲ್ಲಿ ಕೊರೆದ ಗೆರೆಯನ್ನು ಅಳಿಸಲಾಗದು. ಗೆರೆಯ ಮೇಲೆ ಬಣ್ಣ ಹಾಕಬಹುದು. ಮೂಗಿಗೆ ಒಂದು ನೆರಳು ಹಾಕಿ ತುದಿಯನ್ನು ಕೆಳಕ್ಕೆ ತಂದಳು. ಹುಬ್ಬಿನ ಬಿರುಕನ್ನು ಕಂದು ಬಣ್ಣದಿಂದ ಸೇರಿಸಿದಳು. ಸಂದಿನ ಪಕ್ಕದ ಹಲ್ಲಿಗೆ ಕಪ್ಪು ಇಟ್ಟಳು, ಹಲ್ಲು ಬಿದ್ದ ಬಾಯಾಯಿತು. ಕಣ್ಣಿನ ಕೆಳಗೆ ಸುಕ್ಕು, ಗಂಟಲಿಗೆ ಸುಕ್ಕು. ಕೊನೆಗೆ ಕೂದಲಿಗೆ ಕಪ್ಪು ಹಾಕಿದಳು. ಮುಗಿಸಿ ದೂರ ಹಿಡಿದು ನೋಡಿದಳು. ಯಾರೋ ಒಬ್ಬ ಮುದುಕಿ. ಕೆಜ್ಜಿಯ ಮುಖವನ್ನು ಯಾರೂ ಎಂದೂ ಬೇರೆ ಕಡೆ ಬರೆದಿರಲಿಲ್ಲ. ಲೋಕದಲ್ಲಿ ಅವಳ ಚಿತ್ರವೆಂದು ಇದ್ದದ್ದು ಇದೊಂದೇ ಎಂಬುದು ಆಗ ಡಾರ್ಕಸಳಿಗೆ ಹೊಳೆಯಿತು. ಕುಂಚ ತೊಳೆದು ಮಾದರಿಯನ್ನು ಮೊಳೆಗೆ ಸಿಕ್ಕಿಸಿದಳು.

ಹಾಳೆಗಳು ಮತ್ತೆ ಹರಿದವು. ಅವರವರು ಅವರವರ ಬಣ್ಣ ನೋಡಿದರು. ನ್ಯಾನ್ ಕೈಗಳಿಗಷ್ಟೇ ಕೆಂಪು ಹಾಕಿ, ಕೂದಲನ್ನು ಬಿಟ್ಟು, ಎಡಕ್ಕೆ ಸರಿಸಿದಳು.

ಯಜಮಾನ ಮಹಡಿಗೆ ಬಂದವನು ಮಾದರಿಯ ಮುಂದೆ ನಿಂತ. "ಕೂದಲು ಕಪ್ಪಾಗಿದೆಯಲ್ಲಮ್ಮ?"

"ಕೆಂಪು ಸಿಕ್ಕೋದೇ ಕಷ್ಟ ಆಗಿದೆ ಯಜಮಾನ್ರೇ, ಯುದ್ಧ ಬಂದ್ಮೇಲೆ. ರಕ್ತಕ್ಕೇ ಸಾಲ್ತಿಲ್ಲ."

ಟಿಬಾಲ್ಡ್ ತಲೆಯಾಡಿಸಿದ. "ಸರಿ ಬಿಡಿ. ಕಿಟಕೀಲಿರೋದು ಹೆಂಗೂ ಹಳೇದೇ ಇದೆ, ಜನರನ್ನ ಕರೆಯೋಕೆ ಅದು ಸಾಕು."

ಕಿಟಕಿಯದು ಮಾತ್ರ ಉಳಿಯಿತು. ಕೆಳಗೆ ಹೋದಾಗಲೆಲ್ಲ ಡಾರ್ಕಸ್ ಅದನ್ನು ನೋಡುತ್ತಿದ್ದಳು. ಕಿಟಕಿ ಬಿಸಿಲಿನ ಕಡೆಗಿತ್ತು, ಯಜಮಾನ ತರಿಸುತ್ತಿದ್ದುದು ಅಗ್ಗದ ಕೆಂಪು. ಬಣ್ಣಗಳಲ್ಲಿ ಮೊದಲು ಓಡಿಹೋಗುವುದು ಅದೇ. ಮೇ ತಿಂಗಳಲ್ಲಿ ಕೂದಲು ಇಟ್ಟಿಗೆಯ ಬಣ್ಣಕ್ಕೆ ಬಂತು. ಆಮೇಲೆ ಒಣಹುಲ್ಲಿನ ಬಣ್ಣ. ಕೈಗಳ ಮೇಲಿನ ರಕ್ತ ಚಹಾ ಚೆಲ್ಲಿದ ಕಲೆಯಂತಾಯಿತು, ಆಮೇಲೆ ಅದೂ ಇಲ್ಲ. ಜನ ಅದರ ಪಕ್ಕದ ಬೇರೆ ಚಿತ್ರಗಳ ಮುಂದೆ ನಿಲ್ಲತೊಡಗಿದರು.

ಕೆಜ್ಜಿ ಬಂದದ್ದು ಬೇಸಿಗೆಯ ಒಂದು ಮಧ್ಯಾಹ್ನ, ಹಿತ್ತಲ ಬಾಗಿಲಿಂದ. ಜ್ವರ ಬಂದಿತ್ತಂತೆ, ತಲೆ ಬೋಳಿಸಿದ್ದರು. ಬಿಗಿಯಾಗಿ ಕಟ್ಟಿದ ಟೋಪಿಯ ಕೆಳಗೆ ಕೂದಲು ಕಾಣುತ್ತಿರಲಿಲ್ಲ. ಅಚ್ಚು ಒತ್ತುವವನು ಅವಳನ್ನು ಭಿಕ್ಷೆಯವಳೆಂದುಕೊಂಡು, "ಮುಂದೆ ಹೋಗಮ್ಮ," ಎಂದ.

ಡಾರ್ಕಸ್ ಮೆಟ್ಟಿಲಿಳಿದು ಬಂದಳು.

"ಬಂದ್ಯಾ."

"ಬಂದೆ ಅಮ್ಮ."

"ಹಸಿವಾ?"

"ಇಲ್ಲ. ಕೊಟ್ರೆ ತಿಂತೀನಿ."

ತಬ್ಬಿಕೊಳ್ಳಬೇಕೆಂದು ಇಬ್ಬರಿಗೂ ತಿಳಿದಿತ್ತು. ನಿಂತೇ ಇದ್ದರು. ಡಾರ್ಕಸ್ ಮಗಳ ಟೋಪಿಯ ದಾರ ಸರಿ ಮಾಡಿದಳು. "ಹಿತ್ತಲ ಕಡೆಯಿಂದಲೇ ಮನೆಗೆ ಹೋಗೋಣ ಬಾ," ಎಂದಳು.

"ಯಾಕೆ? ಕಿಟಕಿ ನೋಡ್ಕೊಂಡು ಹೋಗೋಣ. ಏನೇನು ಹೊಸದು ಬಂದಿದೆ?"

ತಡೆಯುವ ಮೊದಲೇ ಅವಳು ಮುಂಭಾಗಕ್ಕೆ ಹೋಗಿಯಾಗಿತ್ತು. ಕಿಟಕಿಯ ಮುಂದೆ ಐದಾರು ಜನ ನಿಂತು ದಪ್ಪ ಮಂತ್ರಿಯೊಬ್ಬನನ್ನು ನೋಡಿ ನಗುತ್ತಿದ್ದರು. ಕೆಜ್ಜಿ ಅವರ ಭುಜಗಳ ನಡುವೆ ತಲೆ ತೂರಿಸಿದಳು. ಒಬ್ಬ ಇವಳ ಕಡೆ ತಿರುಗಿ ನೋಡಿ, "ನೋಡವ್ವ, ಎಂಥ ಹೊಟ್ಟೆ!" ಎಂದು ಮತ್ತೆ ಚಿತ್ರದ ಕಡೆ ತಿರುಗಿದ. ಅವನ ಮೊಣಕೈಯ ಪಕ್ಕದಲ್ಲೇ ಬುಟ್ಟಿಯ ಹೆಂಗಸು ಇದ್ದಳು. ಅವನಿಗೆ ಏನೂ ಅನ್ನಿಸಲಿಲ್ಲ.

ಕೆಜ್ಜಿ ಬಹಳ ಹೊತ್ತು ಅದನ್ನು ನೋಡಿದಳು. ಡಾರ್ಕಸ್ ಹಿಂದೆ ನಿಂತು ಅವಳ ಶಾಲಿನ ತುದಿ ಹಿಡಿದುಕೊಂಡಿದ್ದಳು, ಎಳೆದುಕೊಂಡು ಓಡಬೇಕಾಗಿ ಬಂದರೆ ಎಂದು.

"ಅಮ್ಮ, ಇದಕ್ಕೆ ಮುಖದ ಬಣ್ಣ ಹಾಕಿದ್ದು ಯಾರು?"

"ನಾನೇ."

"ಹುಬ್ಬು ಸರಿಯಾಗಿದೆ," ಎಂದಳು ಕೆಜ್ಜಿ. ಆಮೇಲೆ, "ಅಲ್ಲಿ ಯಾರ ಮುಖಾನೂ ಹಿಂಗಿರಲಿಲ್ಲ ಅಮ್ಮ. ಕಡಿದವರದ್ದೂ. ಸಂತೆಗೆ ಬಂದವರ ಥರ ಇದ್ರು," ಎಂದಳು.

ಡಾರ್ಕಸ್ ಇಷ್ಟು ದಿನ ಇಟ್ಟುಕೊಂಡಿದ್ದನ್ನು ಕೇಳಿದಳು. "ಬುಟ್ಟೀಲಿ ಏನಿತ್ತು ಕೆಜ್ಜಿ?"

"ಬ್ರೆಡ್ಡು. ಅವನಿಗೆ ಅಂತ ತಗೊಂಡು ಹೋಗಿದ್ದೆ. ಬಾಗಿಲಲ್ಲಿ ಕಾಯ್ತಾ ಇರು ಅಂದ್ರು, ನಿಂತೆ. ಆಮೇಲೆ ಆ ಬ್ರೆಡ್ಡನ್ನ ನಾನೇ ತಿಂದೆ. ಎರಡು ದಿನ ಆದ್ಮೇಲೆ."

ಡಾರ್ಕಸ್ ಒಳಗೆ ಹೋದಳು. ಟಿಬಾಲ್ಡ್ ಕೆಜ್ಜಿಯನ್ನು ಬಾಗಿಲಲ್ಲಿ ಕಂಡು ಗುರುತು ಹಿಡಿಯಲು ಹೊತ್ತು ತೆಗೆದುಕೊಂಡ, ಗುರುತು ಸಿಕ್ಕಿದ ಮೇಲೆ ಕಣ್ಣು ಕೆಳಗೆ ಹಾಕಿದ. ಕಿಟಕಿಯ ಹಾಳೆ ಕೊಡಿ ಎಂದಾಗ ತಾನೇ ಬಿಡಿಸಿ ಸುರುಳಿ ಸುತ್ತಿ ಕೊಟ್ಟ. "ಹೆಂಗೂ ಬಣ್ಣ ಹೋಗಿದೆ," ಎಂದ.

ಮನೆಯಲ್ಲಿ ಕೆಜ್ಜಿ ಗಂಜಿ ಕುಡಿದಳು. ಡಾರ್ಕಸ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹರಡಿ, ಕಂದು ಬಣ್ಣದ ಚಿಪ್ಪು ತೆಗೆದು, ಕುಂಚವನ್ನು ತುಟಿಗೆ ತಾಗಿಸಿದಳು. ಕೆಂಪು ಹೋದ ಮೇಲೆ ಬುಟ್ಟಿಯಲ್ಲಿದ್ದ ತಲೆ ಒಳಗೆ ಕಣ್ಣು ಬಾಯಿಗಳಷ್ಟೇ ಇದ್ದ ಒಂದು ಉರುಟು ಗೆರೆಯಾಗಿ ಉಳಿದಿತ್ತು. ಕಣ್ಣುಗಳನ್ನೂ ಬಾಯನ್ನೂ ಕಂದಿನಲ್ಲಿ ಮುಚ್ಚಿದಳು. ಮೇಲೆ ಚಾಕು ಗೀರಿದ ಗುರುತು ಹಾಕಿದಳು. ಉರುಟು ಬ್ರೆಡ್ಡು.

ಕೆಜ್ಜಿ ಬಟ್ಟಲು ಹಿಡಿದುಕೊಂಡೇ ಎದ್ದು ಬಂದು ನೋಡಿದಳು.

"ಇದು ಇಲ್ಲಿನ ಬ್ರೆಡ್ಡು. ಅಲ್ಲಿ ಆಗ ಸಿಗ್ತಾ ಇದ್ದದ್ದು ಕರೀದು. ಇನ್ನೂ ಸ್ವಲ್ಪ ಹಾಕು."

ಡಾರ್ಕಸ್ ಇನ್ನೂ ಸ್ವಲ್ಪ ಹಾಕಿದಳು.

"ಇಷ್ಟಾ?"

"ಹ್ಞೂಂ. ಇಷ್ಟೇ."

ಬಣ್ಣ ಒಣಗಿದ ಮೇಲೆ ಆ ಹಾಳೆಯನ್ನು ಒಡೆದ ಕಿಟಕಿಗಾಜಿನ ಜಾಗಕ್ಕೆ ಮೈದಾ ಅಂಟಿನಿಂದ ಅಂಟಿಸಿದರು, ಮುಖ ಒಳಗಡೆಗೆ ಬರುವ ಹಾಗೆ. ಹೊಳೆಯ ಕಡೆಯಿಂದ ಬರುತ್ತಿದ್ದ ಗಾಳಿ ನಿಂತಿತು. ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೋದರು. ನ್ಯಾನ್ ಎದ್ದು ಕೆಂಪಿನ ಜಾಗ ಬಿಟ್ಟುಕೊಟ್ಟಳು, ಕೆಜ್ಜಿ ಅದನ್ನು ದಾಟಿ ಹೋಗಿ ಹಳದಿಯ ಪಕ್ಕ ಕೂತಳು.